ಪೆವಿಲಿಯನ್ನಿಗೆ ಹೋದ ಹಾಸ್ಟೆಲ್

ಚೆಂಬೂರು, ೮-೧-೧೯೫೫, ಶನಿವಾರ

ನಾನು ದಾರಮ್ಮ ಶೆಡ್ತಿ. ಈ ಮನೆಯ ಹನ್ನೊಂದು ಮಂದಿಯಲ್ಲಿ ನನಗೆ ಎದುರಾಡುವವರಿಲ್ಲ. ಇಂದು ಕಾಲೇಜಿನ ಆಫೀಸಿನಲ್ಲಿ ನನಗೆ ಕೂರಲು ಕುರ್ಚಿ ಕೂಡ ಕೊಡಲಿಲ್ಲ.

ಮೊಮ್ಮಗಳು ವಿನೋದಿನಿಗೆ ಈ ವರ್ಷ ಹಾಸ್ಟೆಲಿನಲ್ಲಿ ಜಾಗ ಕೊಡುತ್ತೇವೆ ಎಂದಿದ್ದರು. ಹಾಸ್ಟೆಲ್ ಕಟ್ಟಲೇ ಇಲ್ಲ. ಆ ಹಣದಲ್ಲಿ ಕ್ರಿಕೆಟ್ ಪೆವಿಲಿಯನ್ ಎದ್ದಿದೆ.

"ಕಪ್ ಬಂದ್ರೆ ಕಾಲೇಜಿಗೇ ಹೆಸರಲ್ವಾ ಅಮ್ಮಾ?" ಎಂದರು ಹೆಡ್ ಕ್ಲರ್ಕ್ ಸತ್ಯಮೂರ್ತಿ. "ನೋಡ್ಕೊಂಡ್ ಹೋಗಿ, ಐನೂರು ಜನ ಕೂತ್ಕೋಬಹುದು."

"ರಾತ್ರಿ ಅಲ್ಲಿ ಮಲಗುವುದು ಯಾರು ಮಾರಾಯ್ರೆ?"

"ಯಾರೂ ಇಲ್ಲ. ಬೀಗ ಹಾಕ್ತೀವಿ."

ಲೋಕಲ್ ರೈಲು ಹಿಡಿದು ಮನೆಗೆ ಬಂದೆ. ಮನೆಯ ಗಲಾಟೆ ತಾಳದೆ ಹುಡುಗಿ ಬಚ್ಚಲಿನಲ್ಲಿ ಕುಳಿತು ಓದುತ್ತಾಳೆ. ಕಳೆದ ಸಲ ಒಂದು ವಿಷಯದಲ್ಲಿ ನಪಾಸಾದಳು. ಮಾರ್ಚಿನಲ್ಲೂ ಹಾಗಾದರೆ ಮದುವೆಯೇ ಎಂದು ಅವಳಪ್ಪ ಶೇಖರ ಹೇಳಿಬಿಟ್ಟಿದ್ದಾನೆ. ಆಗ ನಾನೂ ತಲೆಯಾಡಿಸಿದ್ದೆ. ಹಾಸ್ಟೆಲಿಗೆ ಹೆಸರು ಬರೆಸಿದ್ದ ಉಳಿದ ಹುಡುಗಿಯರು ಎಲ್ಲಿ ಓದುತ್ತಾರೋ, ಅವರಿಗೆ ನಾನೇನು ಮಾಡಬಲ್ಲೆ?

ಸಂಜೆ ದೇವರ ಕೋಣೆಗೆ ಹೋಗಿ ಪಟಗಳನ್ನು ಇಳಿಸತೊಡಗಿದೆ.

"ದೇವರನ್ನೇ ಎಬ್ಬಿಸುವುದಾ ಅಮ್ಮ? ಊರಿನವರು ಏನು ಹೇಳ್ಯಾರು?" ಎಂದ ಶೇಖರ.

"ಹೇಳಲಿ" ಎಂದೆ. ದೇವರನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, ಆ ಕೋಣೆಯಲ್ಲಿ ವಿನೋದಿನಿಗೆ ಓದಲು ಮೇಜು ಹಾಕಿಸಿದ್ದೇನೆ.