ಕುಂಭಾರಿಯಲ್ಲಿ ಇಳಿದದ್ದು

ಸೋಲಾಪುರ
೧೧ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಸೋನಾಲಿ,

ನೀನು ಚೆನ್ನಾಗಿದ್ದೀಯ ಎಂದು ನಂಬಿ ಬರೆಯುತ್ತಿದ್ದೇನೆ. ‘ಅಪ್ಪ ಪತ್ರ ಬರದ್ರ ಓದತೀನಿ, ಫೋನ್ ಎತ್ತಂಗಿಲ್ಲ’ ಎಂದು ನೀನು ನಿಮ್ಮವ್ವನ ಕೈಲಿ ಹೇಳಿ ಕಳಿಸಿ ಮೂರು ವಾರವಾಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡ. ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವನಿಗೆ ಟಿಕೀಟಿನ ಲೆಕ್ಕ ಬರೆಯುವ ವೇಬಿಲ್ಲಿಗಿಂತ ಉದ್ದದ್ದನ್ನು ಬರೆದು ಗೊತ್ತಿಲ್ಲ. ನೀನು ಏಳನೆಯ ತರಗತಿಯ ತನಕ ಮಾತ್ರ ಕನ್ನಡ ಶಾಲೆಯಲ್ಲಿ ಓದಿದವಳು ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ಮೊದಲು ಇಲ್ಲಿಯ ಸುದ್ದಿ. ಆಸ್ಪತ್ರೆಯಲ್ಲಿ ಕುಡಿತ ಬಿಟ್ಟವರು ನೇರ ಮನೆಗೆ ಹೋದರೆ ಮತ್ತೆ ಜಾರುತ್ತಾರೆಂದು, ನಡುವೆ ಆರು ತಿಂಗಳು ಇರಲು ಸರಕಾರದ ಅನುದಾನದಲ್ಲಿ ನಡೆಯುವ ಮನೆ ಇದು. ಹನ್ನೆರಡು ಜನ ಇದ್ದೇವೆ. ಹಗಲು ಕೆಲಸಕ್ಕೆ ಹೋಗಿ, ಸಂಜೆ ಏಳರೊಳಗೆ ಬಂದು, ಬಾಗಿಲಲ್ಲಿರುವ ಯಂತ್ರಕ್ಕೆ ಉಸಿರು ಊದಿ ಒಳಗೆ ಹೋಗಬೇಕು. ನಾನು ಚಾದರದ ಕಾರಖಾನೆಯಲ್ಲಿ ಮಡಿಕೆ ಹಾಕುತ್ತೇನೆ. ಅಡುಗೆ ಸರದಿಯ ಮೇಲೆ. ನಾನು ಮೊದಲ ಸಲ ರೊಟ್ಟಿ ಬಡಿದಾಗ ನನ್ನ ಕೋಣೆಯ ಯೋಗಿರಾಜ ಅದನ್ನು ಎತ್ತಿ ಹಿಡಿದು, ‘ಸಿದ್ರಾಮಣ್ಣಾ, ಇದು ರೊಟ್ಟಿನೋ ಮಹಾರಾಷ್ಟ್ರದ ನಕಾಶಾನೋ? ಅಕ್ಕಲಕೋಟ ಯಾವ ಕಡಿ ಐತಿ ತೋರ್ಸು, ಅಲ್ಲಿಂದ ಮುರಕೊಂತೀನಿ’ ಎಂದ. ಈಗ ದುಂಡಗಾಗುತ್ತವೆ. ಊಟಕ್ಕೆ ಕರೆಯಲು ಅಡುಗೆಮನೆಯಲ್ಲಿ ಹಗ್ಗ ಕಟ್ಟಿ ಗಂಟೆ ತೂಗುಹಾಕಿದ್ದೇನೆ. ಬಸ್ಸಿನಲ್ಲಿ ಎರಡು ಗಂಟೆಗೆ ಹೊರಡುವ, ಒಂದಕ್ಕೆ ನಿಲ್ಲುವ ಹಾಗೆಯೇ ಇಲ್ಲಿಯೂ: ಎರಡು ಸಲ ಹೊಡೆದರೆ ಬಡಿಸಬೇಕು, ಒಂದು ಸಲ ಹೊಡೆದರೆ ನಿಲ್ಲಿಸಬೇಕು.

ಮೊನ್ನೆ ಭಾನುವಾರ ಒಂದು ಫಜೀತಿಯಾಯಿತು. ಮನೆಯ ಮೇಲ್ವಿಚಾರಕಿ ಅಂಬಾಬಾಯಿ ಬಸ್ ಸ್ಟ್ಯಾಂಡಿನ ಹತ್ತಿರ ಮೆಂತ್ಯ ತರಲು ನನ್ನನ್ನು ಕಳಿಸಿದರು. ಮೆಂತ್ಯ ಕೊಂಡೆ. ಆಮೇಲೆ ಕಾಲುಗಳು ತಾವಾಗಿಯೇ ನಮ್ಮೂರು ಅಕ್ಕಲಕೋಟದ ಬಸ್ಸು ನಿಲ್ಲುವ ಫಲಾಟಿಗೆ ನಡೆದವು. ಬಸ್ಸು ನಿಂತಿತ್ತು. ಹತ್ತಿದೆ, ಬಾಗಿಲ ಬಳಿಯ ಕಂಡಕ್ಟರ್ ಸೀಟಿನಲ್ಲೇ ಕುಳಿತೆ. ಒಬ್ಬ ಮುದುಕಿ ‘ವಳಸಂಗಕ್ಕ ನಿಲ್ಲತೈತೇನಪಾ?’ ಎಂದಳು. ‘ನಿಲ್ಲತೈತಿ ಆಯಿ, ಮುಂದ ಸರೀರಿ’ ಎಂದು ಹೇಳಿ, ಹಗ್ಗ ಎಳೆದು ಎರಡು ಗಂಟೆ ಹೊಡೆದೇಬಿಟ್ಟೆ. ಬಸ್ಸು ಹೊರಟಿತು! ನಿಜವಾದ ಕಂಡಕ್ಟರ್, ಶೀತಲ ಎಂಬ ಹುಡುಗಿ, ಚಹಾದ ಕಪ್ಪು ಹಿಡಿದುಕೊಂಡೇ ಓಡಿ ಬಂದು ಹತ್ತಿದಳು.

‘ಕಾಕಾ, ತೀ ಮಾಝೀ ಸೀಟ್ ಆಹೇ! ನನ್ನ ಸೀಟದು, ಏಳ್ರಿ, ಏಳ್ರಿ. ಗಾಡಿ ನಿಮ್ದೋ ನಂದೋ?’

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವಳು ಟಿಕೀಟಿನ ಯಂತ್ರ ಹಿಡಿದು ‘ಎಲ್ಲಿಗಿ ಕಾಕಾ?’ ಎಂದು ಕೇಳಿದಳು. ಅಕ್ಕಲಕೋಟ ಎನ್ನಲು ಬಾಯಿ ಬರಲಿಲ್ಲ. ‘ಕುಂಭಾರಿ’ ಎಂದೆ. ದಾರಿಯ ನಡುವಿನ ಆ ಊರಲ್ಲಿ ಇಳಿದು ಅಂಬಾಬಾಯಿಗೆ ಫೋನ್ ಮಾಡಿದೆ.

‘ಬಾಯಿ, ನಾ ಕುಂಭಾರ್ಯಾಗ ಅದೀನ್ರಿ.’

‘ಕುಂಭಾರ್ಯಾಗ? ಮತ್ತ ಮೆಂತ್ಯೆ ಎಲ್ಲೈತಿ?’

‘ಕಂಕಳಾಗ ಐತ್ರಿ. ಅದೂ ನನ್ನ ಕೂಡ ಬಂದೈತಿ.’

ತಿರುಗಿ ಬಂದಾಗ ಎಲ್ಲರೂ ಬಾಗಿಲಲ್ಲೇ ನಿಂತಿದ್ದರು. ಕುಡಿದೇ ಬರುತ್ತಾನೆಂದು ಅಂದುಕೊಂಡಿದ್ದರು. ಊದಿದೆ. ಸೊನ್ನೆ ಬಂತು. ಯೋಗಿರಾಜ ‘ಸೊನ್ನಿ ತಗೊಂಡು ಇಷ್ಟು ಹಿಗ್ಗತೀದಿ, ಸಾಲ್ಯಾಗೂ ಹಿಂಗ ಇದ್ದೇನಪಾ?’ ಎಂದು ಬೆನ್ನು ತಟ್ಟಿದ. ಬಾಯಿ ಮಾತ್ರ ಮೆಂತ್ಯ ಬಾಡಿದೆ ಎಂದು ಬೈದರು.

ಅವರು ಬೈಯಲು ಇನ್ನೊಂದು ಕಾರಣವಿತ್ತು. ಮನೆಯವರೆಲ್ಲ ಇಲ್ಲಿಗೆ ಬಂದು, ನಾವು ಮಾಡಿದ ಅಡುಗೆ ಉಂಡು, ‘ಮನಿಗಿ ಬಾ’ ಎಂದ ಮೇಲೆಯೇ ಊರಿನ ಬಸ್ಸು ಹತ್ತಬೇಕೆಂಬುದು ಇಲ್ಲಿಯ ನಿಯಮ. ಅವ್ವ ಹೋದ ತಿಂಗಳು ಬಂದು ಉಂಡು ಹೋದಳು. ಉಳಿದವಳು ನೀನೊಬ್ಬಳೇ. ಡಿಸೆಂಬರ್ ಕೊನೆಗೆ ನನ್ನ ಆರು ತಿಂಗಳು ಮುಗಿಯುತ್ತದೆ. ನೀನು ಬಾರದಿದ್ದರೆ ಬಾಯಿ ನನಗೆ ಸೋಲಾಪುರದಲ್ಲೇ ಒಂದು ಬಾಡಿಗೆ ಕೋಣೆ ಹುಡುಕುತ್ತಾರೆ. ಅದೂ ಕೆಟ್ಟದ್ದಲ್ಲ. ಆದರೆ ಅಲ್ಲಿ ಗಂಟೆ ಹೊಡೆದರೆ ಯಾರೂ ಬರುವುದಿಲ್ಲ.

ಈ ಭಾನುವಾರ, ಹದಿನಾರಕ್ಕೆ, ನನ್ನ ಅಡುಗೆಯ ಸರದಿ. ಮೆಂತ್ಯ ಪಲ್ಯ, ರೊಟ್ಟಿ, ಶೇಂಗಾ ಹಿಂಡಿ. ಬರಲು ಮನಸ್ಸಾದರೆ ಬಾ. ಆಗದಿದ್ದರೆ ನಿನ್ನ ಮೇಲೆ ಸಿಟ್ಟಿಲ್ಲ.

ಬಿ.ಕಾಂ. ಕೊನೆಯ ವರ್ಷ ಚೆನ್ನಾಗಿ ಮುಗಿಯಲಿ. ಅವ್ವನ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿರು. ಎಲ್ಲಿಗೆ ಹೋದರೂ ನಿನಗೆ ಕಿಟಕಿಯ ಸೀಟು ಸಿಗಲಿ.

ನಿನ್ನ ಅಪ್ಪ,
ಸಿದ್ರಾಮ

ತಾ.ಕ.: ಕುಂಭಾರಿಯಲ್ಲಿ ಯಾಕೆ ಇಳಿದೆ ಎಂದು ಬಾಯಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಅಲ್ಲಿಯೇ ನೀನು ಗೆಳತಿಯರ ಜೊತೆ ನನ್ನ ಬಸ್ಸು ಹತ್ತಿದೆ. ನಾನು ಕುಡಿದಿದ್ದೆ. ‘ಎಲ್ಲಿಗಿ ಬಾಯಿ?’ ಎಂದು ಕೇಳಿದೆ. ನೀನು ‘ಅಕ್ಕಲಕೋಟ, ಅರ್ಧಾ’ ಎಂದೆ. ಹೆಣ್ಣುಮಕ್ಕಳಿಗಿರುವ ಅರ್ಧ ದರದ ಟಿಕೀಟು ಕೊಟ್ಟು ಮುಂದೆ ಹೋದೆ. ಮನೆಗೆ ಬಂದಾಗ ಅದೇ ಟಿಕೀಟನ್ನು ನೀನು ನನ್ನ ತಾಟಿನಲ್ಲಿಟ್ಟೆ. ಕುಡಿದ ನಾಚಿಕೆಯಿಂದ ಅಪ್ಪ ಗುರುತಿಲ್ಲದವನ ಹಾಗೆ ಮಾಡಿದ ಎಂದು ನೀನು ಅವ್ವನಿಗೆ ಹೇಳಿದೆ. ನಾನೂ ಹೌದೆಂದೆ. ಅದು ಸುಳ್ಳು, ಮಗಳೇ. ನನಗೆ ನಿಜವಾಗಿಯೂ ನಿನ್ನ ಗುರುತು ಸಿಕ್ಕಿರಲಿಲ್ಲ. ಆ ಟಿಕೀಟು ನನ್ನ ಕಿಸೆಯಲ್ಲಿದೆ. ಯಂತ್ರದ ಅಕ್ಷರ ಹಾರಿಹೋಗಿ ಬರೀ ಬಿಳಿ ಕಾಗದ ಉಳಿದಿದೆ. ಭಾನುವಾರ ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿರುತ್ತೇನೆ. ನೀನು ರಸ್ತೆಯ ತಿರುವಿನಲ್ಲಿ ಕಂಡ ಕೂಡಲೇ ಹೆಸರು ಹಿಡಿದು ಕೂಗುತ್ತೇನೆ.