ಹಳದಿಯಾಗುವ ಕೆಂಪು

ಯಲಹಂಕ
೧೨ ಆಗಸ್ಟ್ ೨೦೨೪

ದಾಕ್ಷಾ,

ನೀನೂ ನಿನ್ನ ಕೂಸೂ ಒಂದಿಷ್ಟಾದರೂ ನಿದ್ದೆ ಮಾಡುತ್ತಿದ್ದೀರಿ ಎಂದುಕೊಂಡಿದ್ದೇನೆ. ಇಳಕಲ್ಲಿನಲ್ಲಿ ನಿಮ್ಮವ್ವ ಬಾಣಂತನ ಹೇಗೆ ಮಾಡುತ್ತಿದ್ದಾರೆಂದು ಕೇಳಬೇಕು. ಆದರೆ ಮೊದಲು ನನ್ನ ಗೋಳು. ಇದನ್ನೆಲ್ಲ ಬರೆದೇ ಹೇಳಬೇಕೆನಿಸಿತು.

ಟಿವಿ ಪರದೆಗೆಂದು ನೀನು ಲ್ಯಾಬಿನಲ್ಲಿ ಮಾಡುತ್ತಿದ್ದ ಹೊಳೆಯುವ ಕೆಂಪು ಹರಳುಗಳು ನನ್ನ ಕೈಗೆ ಹತ್ತುತ್ತಿಲ್ಲ. ಹೊಟ್ಟೆಯಲ್ಲಿ ಮಗುವಿದೆ, ಸೀಸದ ಸಹವಾಸ ಬೇಡವೆಂದು ನೀನು ಲ್ಯಾಬ್ ಬಿಡುವಾಗ ಎಲ್ಲವನ್ನೂ ಹೇಳಿಕೊಟ್ಟೇ ಹೋಗಿದ್ದೆ. ಹಾಗೆಯೇ ಮಾಡುತ್ತೇನೆ. ಸೀಸದ ಬಿಸಿ ದ್ರಾವಣಕ್ಕೆ ಸೀಸಿಯಂ ಹಾಕಿದ ಕ್ಷಣ ಕೆಂಪೇರುತ್ತದೆ. ಐಸ್ ನೀರಿಗಿಳಿಸಿ ಯುವಿ ದೀಪದಡಿ ಹಿಡಿದರೆ ಕೆಂಡದಂತೆ ಹೊಳೆಯುತ್ತದೆ. ತೊಳೆದಿಟ್ಟರೆ ಮುಗಿಯಿತು, ಅರಿಸಿನ ಕದಡಿದ ನೀರು! ಬೆಳಕೇ ಇಲ್ಲ. ಪುಟ್ಟೇನಹಳ್ಳಿ ಕೆರೆಯ ಕಡೆಯಿಂದ ಬರುವ ತೇವಕ್ಕೆ ಬೈದೆ, ರಾಸಾಯನಿಕಗಳನ್ನು ಬದಲಿಸಿದೆ, ಊಟ ಬಿಟ್ಟು ಕೂತೆ. ಹಸಿರು ಹರಳೇನೋ ತಿಂಗಳುಗಟ್ಟಲೆ ಹೊಳೆಯುತ್ತದೆ. ಆದರೆ ಟಿವಿ ಪರದೆಗೆ ಕೆಂಪೂ ಬೇಕಲ್ಲ. ಇದು ಕೂಡಿಬರದಿದ್ದರೆ ನನ್ನ ಪಿಎಚ್‌ಡಿಗೆ ಹಸಿರಷ್ಟೇ ಗತಿ. ಹಸಿರನ್ನು ಜಗತ್ತೆಲ್ಲ ಮಾಡಿ ಮುಗಿಸಿದೆ.

ಕಳೆದ ವಾರ ಪರದೆ ತಯಾರಿಸುವ ಕಂಪನಿಯವರು ನೋಡಲು ಬಂದಿದ್ದರು. ಬೆಳಿಗ್ಗೆ ಕೆಂಪಗಿದ್ದದ್ದು ಅವರು ಕಾಫಿ ಮುಗಿಸಿ ಬರುವಷ್ಟರಲ್ಲಿ ಹಳದಿ. ನಮ್ಮ ಗೈಡ್ ಮಹಾಲಿಂಗಪ್ಪ ಸರ್ ಅವರೆದುರಿಗೇ, "ದಾಕ್ಷಾಯಣಿ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಕಣಮ್ಮ" ಎಂದರು. ಬೈದಿದ್ದರೆ ಸಹಿಸುತ್ತಿದ್ದೆ. ನಗುತ್ತ ಹೇಳಿದರು. ಆರ್.ಟಿ. ನಗರದ ಮನೆಗೆ ಹೋದರೆ, ಹಳದಿಯೂ ಬಣ್ಣವೇ ತಾನೇ ಎಂದು ಅಮ್ಮಿ ಸಮಾಧಾನ ಹೇಳಿದರು. ಅವರ ಮೇಲೂ ರೇಗಿದೆ.

ಬೇರೆ ವಿಶೇಷವಿಲ್ಲ. ಕೂಸಿಗೆ ಮುತ್ತು, ಅವ್ವನಿಗೆ ಸಲಾಂ.

ಸುಸ್ತಾಗಿರುವ ನಿನ್ನ
ಗಜಾಲಾ

ತಾ.ಕ.: ಮರೆತು ಸೇರಿಸುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕಂಪನಿಯವರು ಬರುವ ಮೊದಲೇ ಸರ್, "ಅವಳನ್ನ ಒಂದೆರಡು ದಿನ ಬಂದು ತೋರಿಸ್ಕೊಡಕ್ಕೆ ಕೇಳು" ಎಂದಿದ್ದರು. ನಾನು ನಿನ್ನನ್ನು ಕೇಳಲೇ ಇಲ್ಲ. "ಎಳೆ ಕೂಸು ಸರ್, ಬರಲ್ವಂತೆ" ಎಂದುಬಿಟ್ಟೆ. ಅದು ಕೂಸಿನ ಮೇಲಿನ ಕಾಳಜಿಯಲ್ಲ ದಾಕ್ಷಾ. ನಿನ್ನ ಕೈಯಲ್ಲಿ ಕೆಂಪು ಉಳಿದುಬಿಟ್ಟರೆ ಎಂಬ ಹೊಟ್ಟೆಕಿಚ್ಚು. ಇವತ್ತು ಸರ್‌ಗೆ ನಿಜ ಹೇಳಿದೆ. ನೀನು ಬರುವುದೂ ಬೇಡ, ಸೀಸ ಮುಟ್ಟುವುದೂ ಬೇಡ. ಭಾನುವಾರ ಲ್ಯಾಬಿನಿಂದ ವಿಡಿಯೊ ಕಾಲ್ ಮಾಡುತ್ತೇನೆ. ನಾನು ತೊಳೆಯುವುದನ್ನು ನೋಡಿ, ಎಲ್ಲಿ ಕೆಡಿಸುತ್ತಿದ್ದೇನೆಂದು ಹೇಳು. ಫೋನ್ ಎತ್ತುತ್ತೀಯಾ?