ಮೊದಲ ಸಾಲಿನ ವಾದ್ಯಕ್ಕೆ ಮುಚ್ಚಿದ ಕೋಣೆ

ಬೆಟಗೇರಿ. ಫೆಬ್ರವರಿ ಒಂಬತ್ತು, ಸೋಮವಾರ, ಮಧ್ಯಾಹ್ನ. ಸದ್ದು ಹೊರಗೆ ಹೋಗದಂಥ ಕೋಣೆ ಕಟ್ಟಿಕೊಡುವವರೊಬ್ಬರು ಹುಬ್ಬಳ್ಳಿಯಿಂದ ಬಂದು, ನಮ್ಮ ಮಗ್ಗದ ಕೋಣೆಯ ಅಳತೆ ತೆಗೆದುಕೊಂಡು ಹೋದರು. ಗೋಡೆಯ ಮೇಲೆ ಅವರ ಸೀಮೆಸುಣ್ಣದ ಗೆರೆಗಳಿವೆ. ಅವ್ವ ಮಲಗಿದ್ದಾಳೆ. ಆಗಲಿ ಎಂದೋ ಬೇಡ ಎಂದೋ ನಾಳೆ ಅವರಿಗೆ ತಿಳಿಸಬೇಕು.

ಕಾಕಾ,

ಸತ್ತವರಿಗೆ ಪತ್ರ ಬರೆಯುವವರನ್ನು ನಾನು ಅನುವಾದದ ಕಾದಂಬರಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಬಹಳ ಮೆತ್ತಗೆ ಬರೆಯುತ್ತಾರೆ ಅವರು. ನನಗೆ ಅದು ಯಾವಾಗಲೂ ಸುಳ್ಳೆನಿಸುತ್ತಿತ್ತು. ಮನುಷ್ಯ ಸತ್ತ ಕೂಡಲೇ ಅವನ ಮೇಲಿನ ಸಿಟ್ಟು ಎಲ್ಲಿಗೆ ಹೋಗುತ್ತದೆ? ನನ್ನದು ಎಲ್ಲಿಗೂ ಹೋಗಿಲ್ಲ. ಇವತ್ತಂತೂ ಏರಿದೆ. ಅರ್ಧ ಓಣಿಯ ಮೇಲೆ, ಅರ್ಧ ನಿನ್ನ ಮೇಲೆ.

ನಿನ್ನನ್ನು ಮಣ್ಣು ಮಾಡಿ ಬಂದ ದಿನ ಹಿರಿಯರು ಪಡಸಾಲೆಯಲ್ಲಿ ಕೂತು, ವರ್ಷ ತುಂಬುವವರೆಗೆ ಈ ಮನೆಯಲ್ಲಿ ಬಾಜಾ ಸದ್ದು ಬೇಡ ಅಂದರು. ನಾನು ಒಪ್ಪಿದೆ. ಲಗ್ನದ ಬ್ಯಾಂಡಿನಲ್ಲಿ ನೀನು ಊದುತ್ತಿದ್ದ ಟ್ರೊಂಬೋನನ್ನು ನಿನ್ನದೇ ಹಳೆಯ ಧೋತರದಲ್ಲಿ ಸುತ್ತಿ ಅಟ್ಟಕ್ಕೇರಿಸಿದೆ. ವರ್ಷ ತುಂಬಿತು, ಪೂಜೆ ಆಯಿತು, ಇಳಿಸಿದೆ. ವರ್ಷವಿಡೀ ಊದದೆ ನನ್ನ ತುಟಿ ಪೂರಾ ಸಡಿಲವಾಗಿತ್ತು. ಮೊದಲ ಸ್ವರ ಎಮ್ಮೆ ಕೂಗಿದಂತೆ ಬಂತು. ಅವ್ವ ಒಳಗಿನಿಂದ, "ಯಾರ ಮನಿ ಎಮ್ಮಿ ಬಿಚ್ಚಿಕೊಂಡು ಬಂತವಾ?" ಅಂದಳು. ವರ್ಷದ ಮೇಲೆ ಈ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ವಾರ ಕಳೆಯುವುದರೊಳಗೆ ಪಕ್ಕದ ಮನೆಯ ಕಳಕಪ್ಪ ಮಾವ ಬಂದ. ಚಹಾ ಕುಡಿದ, ಅವ್ವನ ಮೊಣಕಾಲು ವಿಚಾರಿಸಿದ, ಕಪ್ಪನ್ನು ಕೆಳಗಿಟ್ಟು ಹೇಳಿದ: "ಸಿಟ್ಟಾಗಬ್ಯಾಡ ತಂಗಿ. ನಿಮ್ಮ ಕಾಕಾ ಹೋದ ಮ್ಯಾಲೆ ಈ ಒಂದು ವರ್ಷ ಓಣಿ ಎಷ್ಟು ಶಾಂತ ಇತ್ತು ಅಂತೀ. ರೂಢಿ ಆಗಿಬಿಟ್ಟೈತಿ ನಮಗ."

ಕೇಳಿಸಿತೇ ಕಾಕಾ? ನಾವು ನಿನಗಾಗಿ ಹಿಡಿದ ದುಃಖ ಅವರಿಗೆ ಒಳ್ಳೆಯ ನಿದ್ದೆಯಾಗಿತ್ತು. ಹೀಗೆ ಹೇಳಿದವನು ಯಾರು? ಅವನ ಮನೆಯಲ್ಲಿ ಪವರ್‌ಲೂಮ್ ಬಡಿದುಕೊಳ್ಳುತ್ತಿದ್ದಾಗ ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗಾಡುತ್ತಿತ್ತು. ನನ್ನ ಪರೀಕ್ಷೆಗಳನ್ನೆಲ್ಲ ನಾನು ಓದಿದ್ದು ಆ ಸದ್ದಿನಲ್ಲಿ. ಒಮ್ಮೆಯಾದರೂ ನಮ್ಮ ಮನೆಯಿಂದ ಯಾರಾದರೂ ಹೋಗಿ ಮಗ್ಗ ನಿಲ್ಲಿಸು ಅಂದಿದ್ದರೇ? ಅವನ ಮಗನ ಮದುವೆಯಲ್ಲಿ ನಿನ್ನ ಮುಂದೆ ಕುಣಿದು ಕುಣಿದು ತಲೆಯ ಪಟಗ ಬಿಚ್ಚಿಹೋದದ್ದು ಅವನಿಗೆ ಮರೆತಿರಬಹುದು. ನನಗೆ ಮರೆತಿಲ್ಲ. ಆದರೂ ನಾನು ಹೇಳಿದ್ದು ಇಷ್ಟೇ: "ನೋಡ್ತೀನಿ ಮಾವ." ನಿನ್ನ ಮಾತು ಅದು. ನಿನ್ನದೇ ಧ್ವನಿಯಲ್ಲಿ ಬಂತು.

ಹಾಗಾಗಿ ಕೋಣೆ ಹುಡುಕಲು ಹೊರಟೆ. ಲಕ್ಷ್ಮೇಶ್ವರದ ಅತ್ತೆಯ ಮನೆಯವರು ತಮ್ಮ ಕಾಳಿನ ಗೋದಾಮಿನಲ್ಲಿ ಬೇಕಾದರೆ ಊದು ಅಂದರು. ಗೋಡೆಯೆತ್ತರ ಜೋಳದ ಚೀಲ. ಸದ್ದು ಚೀಲಗಳೊಳಗೆ ಇಂಗಿಹೋಯಿತು, ಹೊರಗೆ ನಿಂತ ಅತ್ತೆಗೆ ಏನೂ ಕೇಳಿಸಲಿಲ್ಲ. ಆದರೆ ಉಸಿರೆಳೆದಾಗಲೆಲ್ಲ ಧೂಳು. ಊದಿದ್ದಕ್ಕಿಂತ ಕೆಮ್ಮಿದ್ದು ಹೆಚ್ಚು. ಕಾಲೇಜಿನ ಗ್ರಂಥಾಲಯದ ಕೆಲಸ ಮುಗಿಸಿ ದಿನಾ ಅಲ್ಲಿಗೆ ಹೋಗಿಬರುವುದೂ ಆಗದ ಮಾತು. ಅವ್ವ ತನ್ನ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕು ಅಂದಳು. ಹಾಕಿದೆವು. ಸದ್ದು ಕಳಕಪ್ಪ ಮಾವನಿಗೆ ತಲುಪಿತು, ಕೌದಿಗಳಿಗೆ ಮಾತ್ರ ನುಸಿ ಹಿಡಿಯಿತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸದ್ದು ಹೊರಗೆ ಬಿಡದ, ಸಿದ್ಧ ಪೆಟ್ಟಿಗೆಯಂಥ ಕೋಣೆಗಳಿದ್ದವು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ವಾದ್ಯದ ಜಾರುಕೊಳವೆಯನ್ನು, ಆ ಸ್ಲೈಡನ್ನು, ಪೂರಾ ಮುಂದಕ್ಕೆ ಚಾಚಿದರೆ ಎದುರಿನ ಗೋಡೆಗೆ ಬಡಿಯುತ್ತಿತ್ತು. ಮೂಲೆಯಿಂದ ಮೂಲೆಗೆ ಓರೆಯಾಗಿ ಕೂತರೆ ಸಾಕು ಅಂದ ಅಂಗಡಿಯವನು. ಕೂತೆ. ಊದಿದೆ. ಸ್ವರ ವಾದ್ಯದ ಬಾಯಿಂದ ಹೊರಬಿದ್ದಲ್ಲೇ ಸತ್ತಿತು. ಅದು ಸರಿಯಾಗಿ ಹತ್ತಿತೋ ಇಲ್ಲವೋ ಎಂದು ತಿಳಿಯಲು ಅದು ಎಲ್ಲಾದರೂ ಹೋಗಿ ತಾಗಬೇಕಲ್ಲ? ಎಲ್ಲಿಗೂ ಹೋಗದ ಸ್ವರವನ್ನು ತಿದ್ದುವುದು ಹೇಗೆ? ಆದರೂ ಬೇಡ ಅನ್ನಲಿಲ್ಲ ನಾನು. ಮನೆಯಲ್ಲೇ ಇದಕ್ಕಿಂತ ದೊಡ್ಡದು ಮಾಡಬಹುದೇ ಎಂದು ಕೇಳಿ ಬಂದೆ.

ಇವತ್ತು ಅಳತೆಗೆ ಬಂದವರು ಮಗ್ಗದ ಕೋಣೆಗೆ ಕಾಲಿಟ್ಟ ಕೂಡಲೇ ಖುಷಿಯಾದರು. ದಪ್ಪ ಮಣ್ಣಿನ ಗೋಡೆ, ತಗ್ಗಿನ ಮಾಡು, ನೀನು ಕಾಲಿಳಿಬಿಟ್ಟು ನೇಯುತ್ತಿದ್ದ ಕುಣಿ. ಕುಣಿಯನ್ನು ಮುಚ್ಚಬೇಕು, ಗೋಡೆಗೆ ಹತ್ತಿಯಂಥ ಹಲಗೆ ಹಾಕಬೇಕು, ಎರಡು ಬಾಗಿಲು ಇಡಬೇಕು, ಗಾಳಿಗೆ ಒಂದು ಕೊಳವೆ ಎಂದು ಹೇಳುತ್ತ ಓಣಿಯ ಕಡೆಯ ಕಿಟಕಿಯ ಹತ್ತಿರ ಹೋದರು. ಅದರ ಹಲಗೆಗಳನ್ನು ಬೆರಳಿನಿಂದ ತಟ್ಟಿ ನೋಡಿದರು.

"ಇದನ್ನ ಮೊದಲ ಬಂದ್ ಮಾಡ್ಯಾರಲ್ರಿ. ಅರ್ಧ ಕೆಲಸ ಮುಗದೈತಿ. ಯಾರು ಮಾಡಿದ್ದು?"

"ನಮ್ಮ ಕಾಕಾ."

"ಛಲೋ ಬಡದಾರ್ರಿ ಮೊಳಿ. ಒಂದೂ ಸಂದಿಲ್ಲ."

ಆ ಹೊಗಳಿಕೆ ಕೇಳಿ ನನಗೆ ಮೈಯೆಲ್ಲ ಉರಿಯಿತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತ ಮೇಲೆಯೇ ಅಲ್ಲವೇ ನಿನ್ನ ಊದು ಎಲ್ಲರಿಗೂ ಕೇಳತೊಡಗಿದ್ದು? ಅದಕ್ಕೂ ಮೊದಲು ಆ ಗದ್ದಲದಲ್ಲಿ ನೀನು ಮನಸಾರೆ ಊದುತ್ತಿದ್ದೆ, ಓಣಿಯವರು "ಜಗ್ಗೂ ಬಾಜಾ" ಎಂದು ನಗುತ್ತಿದ್ದರು. ಆಮೇಲೆ ನೀನು ಕಿಟಕಿಗೆ ಹಲಗೆ ಬಡಿದೆ. ವಾದ್ಯದ ಬಾಯಿಗೆ ಟವೆಲ್ ತುರುಕಿದೆ. ಪ್ರತಿ ಲಗ್ನದ ಸುಗ್ಗಿಗೆ ಮೊದಲು ಮನೆಮನೆಗೆ ಹೋಗಿ, ಟೊಪ್ಪಿಗೆ ಕೈಯಲ್ಲಿ ಹಿಡಿದು, ಸ್ವಲ್ಪ ದಿನ ಊದಬಹುದೇ ಎಂದು ಕೇಳಿ ಬರುತ್ತಿದ್ದೆ. ಯಾಕೆ? ನೀನು ಕಳ್ಳತನ ಮಾಡುತ್ತಿದ್ದೆಯಾ? ನನಗೆ ಕಲಿಸುವಾಗಲೂ "ಸಣ್ಣಗ ಯವ್ವಾ, ಸಣ್ಣಗ" ಎಂದೇ ಕಲಿಸಿದೆ. ನಾನು ಈಗ ಕಟ್ಟಿಸಹೊರಟ ಕೋಣೆಯನ್ನು ನೀನು ಆಗಲೇ ಅರ್ಧ ಕಟ್ಟಿಟ್ಟು ಹೋಗಿದ್ದೀಯ. ಉಳಿದರ್ಧವನ್ನು ನಾನು ಪೂರ್ತಿ ಮಾಡಿಕೊಂಡು ಒಳಗೆ ಕೂರಬೇಕು, ಅಷ್ಟೇ ತಾನೇ?

ಆದರೆ ನಾನು ಮೊದಲ ಸಲ ಬ್ಯಾಂಡಿನ ಹಿಂದೆ ನಡೆದ ದಿನ ನೀನೇ ಬೇರೆ ಮಾತು ಹೇಳಿದ್ದೆ. ಟ್ರೊಂಬೋನಿನವರು ಯಾಕೆ ಎಲ್ಲರಿಗಿಂತ ಮುಂದೆ ನಿಲ್ಲುತ್ತಾರೆ ಎಂದು ಕೇಳಿದ್ದೆ ನಾನು. ನೀನು ಸ್ಲೈಡನ್ನು ತೋಳು ಮುಗಿಯುವವರೆಗೆ ಚಾಚಿ ತೋರಿಸಿದೆ. "ಇದಕ್ಕ ಮುಂದ ಜಾಗಾ ಬೇಕವ್ವಾ. ಹಿಂದ ನಿಂತರ ಮುಂದಿನವನ ಬೆನ್ನಿಗೆ ಬಡೀತೈತಿ. ಅದಕ್ಕ ನಮ್ಮನ್ನ ಮೊದಲನೇ ಸಾಲಿನಾಗ ನಿಂದ್ರಸ್ತಾರ." ಆ ಮಾತು ಹೇಳುವಾಗ ನಿನ್ನ ಮುಖ… ಬೀದಿಯಲ್ಲಿ ಅಂಥ ಮುಖ ಇದ್ದವನು ಮನೆಗೆ ಬಂದು ಕಿಟಕಿಗೆ ಮೊಳೆ ಹೊಡೆದದ್ದು ಹೇಗೆ?

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಮುಂಡರಗಿಯಿಂದ ನಿಮ್ಮ ಬ್ಯಾಂಡಿನ ಮಾಸ್ತರರು ಫೋನ್ ಮಾಡಿದ್ದರು. ಕೊರ್ಲಹಳ್ಳಿಯಲ್ಲಿ ಒಂದು ಲಗ್ನ ಹಿಡಿದಿದ್ದಾರೆ, ಹೊಳೆಯ ದಂಡೆಯ ದಾರಿಯಲ್ಲಿ ಮೆರವಣಿಗೆ. ನಿನ್ನ ಜಾಗ ಇನ್ನೂ ಖಾಲಿಯಿದೆಯಂತೆ, ಅಲ್ಲಿ ನಾನು ಬಂದು ನಿಲ್ಲಬೇಕಂತೆ. "ನಿಮ್ಮ ಕಾಕಾನಂಗ ಬಾರಸಬ್ಯಾಡವಾ. ಆಂವ ಕಡೀಕಡೀಗೆ ಭಾಳ ಸಣ್ಣ ಬಾರಸ್ತಿದ್ದ, ಲಗ್ನದಾಗ ಕೇಳತಿದ್ದಿಲ್ಲ" ಅಂದರು. ಆ ಕ್ಷಣ ಅವರ ಮೇಲೂ ಸಿಟ್ಟು ಬಂತು. ನಿನ್ನ ಬಗ್ಗೆ ಹಾಗೆ ಅನ್ನುವ ಹಕ್ಕು ನನಗೊಬ್ಬಳಿಗೇ ಇದೆ. ಆದರೆ ಬರುತ್ತೇನೆ ಅಂದೆ.

ನಾಳೆ ಹುಬ್ಬಳ್ಳಿಯವರಿಗೆ ಬೇಡ ಎಂದು ಹೇಳುತ್ತೇನೆ. ಕುಣಿ ಹಾಗೇ ಇರಲಿ. ಕಿಟಕಿಯ ಮೊಳೆಗಳನ್ನು ಕಿತ್ತು ಹಲಗೆ ತೆಗೆಯುತ್ತೇನೆ. ಇಕ್ಕಳ ತಂದು ಕಟ್ಟೆಯ ಮೇಲೆ ಇಟ್ಟಿದ್ದೇನೆ, ಇನ್ನೂ ಮುಟ್ಟಿಲ್ಲ. ಸಂಜೆ ಕಾಲೇಜಿನಿಂದ ಬಂದ ಮೇಲೆ ದೀಪ ಹಚ್ಚುವವರೆಗೆ ಊದುತ್ತೇನೆ. ಆಮೇಲೆ ಇಲ್ಲ. ಕಳಕಪ್ಪ ಮಾವನ ಮನೆಗೂ ಹೋಗುತ್ತೇನೆ, ಆ ಹೊತ್ತು ಯಾವುದೆಂದು ತಿಳಿಸಿ ಬರಲು. ನಿನ್ನ ಹಾಗೆ ಅಪ್ಪಣೆ ಕೇಳಲು ಅಲ್ಲ. ನಾನು ಕೇಳುವುದಿಲ್ಲ ಕಾಕಾ. ಅವರು ಕೇಳಲಿ.